ಮನೆಯ ವೀಗನ್ ಹೂರಣದ ಪೇಸ್ಟ್ರಿ: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಬೆಣ್ಣೆ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟದೆ ಮನೆಯಲ್ಲಿ ಮಾಡಿದ ಹೂರಣದ ಪೇಸ್ಟ್ರಿ ಕೆಟ್ಟಿತೆಂದರೆ ಮಾಡಿದವರೂ ತಿಂದವರೂ ಒಂದೇ ತೀರ್ಪು ಕೊಡುತ್ತಾರೆ: ಬೆಣ್ಣೆ ಹಾಕದಿದ್ದರೆ ಆಗುವುದೇ ಹೀಗೆ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ತಳ ಹಸಿಯಾಗಿ ಉಳಿಯುವುದು, ಅಂಚು ಬಿಚ್ಚಿ ಹೂರಣ ಸೋರುವುದು, ಹಾಳೆ ಕುಗ್ಗುವುದು, ಕಚ್ಚಿದರೆ ಜಗ್ಗುವುದು, ಮರುದಿನಕ್ಕೆ ಮೆತ್ತಗಾಗುವುದು ಇವೆಲ್ಲ ಬೆಣ್ಣೆ ಬಳಸುವ ಅಡುಗೆಮನೆಯಲ್ಲೂ ಆಗುವಂಥವೇ. ವೀಗನ್ ಆದ ಕಾರಣಕ್ಕೇ ಎದುರಾಗುವ ತೊಡಕುಗಳು ಎರಡು ಮಾತ್ರ. ಒಂದು, ಜಿಡ್ಡು ಕರಗುವ ಉಷ್ಣತೆ ಬೇರೆ. ಇನ್ನೊಂದು, ಮೇಲ್ಮೈ ಕೆಂಪಾಗುವ ಬಗೆ ಬೇರೆ. ಉಳಿದದ್ದನ್ನೆಲ್ಲ ಹುಡುಕಬೇಕಾದದ್ದು ನೀರಿನಲ್ಲಿ ಮತ್ತು ಓವನ್ನಿನ ಕಾವಿನಲ್ಲಿ.

ಹಾಲು ಒಗ್ಗದ ಮಗುವೊಂದು ಮನೆಯಲ್ಲಿದ್ದರೆ, ಅಥವಾ ಪ್ರಾಣಿಜನ್ಯ ಪದಾರ್ಥ ಬೇಡವೆಂದು ನೀವೇ ನಿರ್ಧರಿಸಿದ್ದರೆ, ಬೆಳಗಿನ ತಿಂಡಿಗೆ ಒಂದು ಒಳ್ಳೆಯ ಪೇಸ್ಟ್ರಿ ಸಿಗುವುದು ದೊಡ್ಡ ಸಂತೋಷ. ಅದನ್ನು ಒಂದು ಕೆಟ್ಟ ಟ್ರೇಗಾಗಿ ಬಿಟ್ಟುಕೊಡಬೇಡಿ.

ಹೋಲಿಸಿ ನೋಡಲು ಒಂದು ಅಳತೆ

ಅಳತೆ ಪ್ರತಿ ಸಲ ಬದಲಾಗುತ್ತಿದ್ದರೆ ದೋಷ ಕೈಗೆ ಸಿಗುವುದಿಲ್ಲ. ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ನೀರು ಎಂಬುದು ಇಂಥ ಪೇಸ್ಟ್ರಿಯ ಹಳೆಯ ಲೆಕ್ಕ. ಆದರೆ ಬೆಣ್ಣೆಯಲ್ಲಿ ಜಿಡ್ಡು ಶೇ. 80ರ ಆಸುಪಾಸು, ಉಳಿದದ್ದು ಬಹುತೇಕ ನೀರು. ತೆಂಗಿನೆಣ್ಣೆ ಮತ್ತು ವನಸ್ಪತಿ ಹೆಚ್ಚುಕಡಿಮೆ ಪೂರ್ತಿ ಜಿಡ್ಡು. ಆದ್ದರಿಂದ 300 ಗ್ರಾಂ ಮೈದಾಕ್ಕೆ 200 ಗ್ರಾಂ ಬೆಣ್ಣೆ ಎಂದಿರುವಲ್ಲಿ 160 ಗ್ರಾಂ ತೆಂಗಿನೆಣ್ಣೆ ಹಾಕಬೇಕು. ಬೆಣ್ಣೆಯ ಜೊತೆ ಬರುತ್ತಿದ್ದ ನೀರು ಈಗ ಬರುವುದಿಲ್ಲವಾದ್ದರಿಂದ ತಣ್ಣೀರನ್ನು 100 ಗ್ರಾಂನಿಂದ ಆರಂಭಿಸಿ 130ರವರೆಗೂ ಏರಿಸಬಹುದು. ಬೆಣ್ಣೆಯ ಪಾಕವಿಧಾನದಲ್ಲಿ ಬೆಣ್ಣೆಯಷ್ಟೇ ತೂಕದ ಎಣ್ಣೆ ಸುರಿದವರ ಟ್ರೇಯಲ್ಲಿ ಎಣ್ಣೆ ನಿಲ್ಲುವುದಕ್ಕೆ ಅರ್ಧ ಕಾರಣ ಈ ಲೆಕ್ಕವೇ.

ಇದರ ಮೇಲೆ ಒಂದು ಚಮಚ ಉಪ್ಪು, ಎರಡು ಚಮಚ ಸಕ್ಕರೆ, ಒಂದು ಚಮಚ ನಿಂಬೆರಸ. ಚಮಚವೆಂದರೆ 5 ಮಿಲಿಲೀಟರಿನ ಚಿಕ್ಕ ಚಮಚ. ಹಾಳೆ 3 ಮಿಲಿಮೀಟರ್ ದಪ್ಪ, ತುಂಡು ಸುಮಾರು 8 × 11 ಸೆಂಟಿಮೀಟರ್, ಎರಡು ತುಂಡಿನ ನಡುವೆ ಒಂದು ದೊಡ್ಡ ಚಮಚ ಹೂರಣ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 22ರಿಂದ 25 ನಿಮಿಷ. ಮೊಟ್ಟೆಗೆ ಬದಲಿಯೆಂದು ಅಗಸೆಬೀಜದ ಲೋಳೆಯನ್ನು ಕಣಕಕ್ಕೆ ಸೇರಿಸುವವರಿದ್ದಾರೆ. ಈ ಕಣಕಕ್ಕೆ ಮೊಟ್ಟೆಯೇ ಬೇಕಿಲ್ಲ, ಹಾಗಾಗಿ ಅದರ ಬದಲಿಯೂ ಬೇಡ. ಲೋಳೆ ಹಿಡಿದಿಡುವ ನೀರು ಪೇಸ್ಟ್ರಿಯನ್ನು ಗರಿಗರಿಯಾಗಲು ಬಿಡುವುದಿಲ್ಲ.

ಮೊದಲ ಪರೀಕ್ಷೆ: ಹೂರಣವಿಲ್ಲದ ಒಂದು

ಟ್ರೇಯಲ್ಲಿ ಎಂಟು ಪೇಸ್ಟ್ರಿ ಇಟ್ಟರೆ ಅದರಲ್ಲಿ ಒಂದಕ್ಕೆ ಹೂರಣ ತುಂಬಬೇಡಿ. ಅದೇ ಕಣಕ, ಅದೇ ದಪ್ಪ, ಅದೇ ಅಂಚು, ಅದೇ ಟ್ರೇ. ಮೇಲೆ ಫೋರ್ಕಿನಿಂದ ಚುಚ್ಚಿ, ಉಳಿದವುಗಳ ನಡುವೆಯೇ ಇಡಿ.

ಬೆಂದ ಮೇಲೆ ಎರಡನ್ನೂ ಮುರಿದು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಖಾಲಿಯದು ಚೆನ್ನಾಗಿ ಬೆಂದು ತುಂಬಿದ್ದು ಮಾತ್ರ ಹಸಿಯಾಗಿದ್ದರೆ ದೋಷ ಹೂರಣದಲ್ಲಿದೆ, ಕಣಕದ ಅಳತೆಯನ್ನು ಮುಟ್ಟಲೇಬೇಡಿ. ಎರಡೂ ಗಟ್ಟಿಯಾಗಿದ್ದರೆ ಅಥವಾ ಎರಡರಲ್ಲೂ ಪದರವಿಲ್ಲದಿದ್ದರೆ ದೋಷ ಕಣಕದಲ್ಲಿದೆ. ಎರಡರ ತಳವೂ ಬೆಳ್ಳಗಿದ್ದು ಮೇಲ್ಭಾಗ ಮಾತ್ರ ಕೆಂಪಾಗಿದ್ದರೆ ಓವನ್ನಿನ ಕಡೆ ತಿರುಗಿ. ಅಂಚು ಖಾಲಿಯದರಲ್ಲೂ ಬಿಚ್ಚಿಕೊಂಡಿದ್ದರೆ ಅಂಟಿಸಿದ ರೀತಿಯೇ ಸರಿಯಿಲ್ಲ, ತುಂಬಿದ್ದರಲ್ಲಿ ಮಾತ್ರ ಬಿಚ್ಚಿದ್ದರೆ ಹೂರಣ ಹೆಚ್ಚಾಗಿದೆ ಅಥವಾ ಒಳಗಿನ ಆವಿಗೆ ದಾರಿಯಿಲ್ಲ.

ಬಹುತೇಕ ಜನ ಈ ಒಂದು ಹೆಜ್ಜೆಯನ್ನು ಬಿಟ್ಟು ನೇರವಾಗಿ ಇನ್ನೊಂದು ಪಾಕವಿಧಾನ ಹುಡುಕುತ್ತಾರೆ. ಹೊಸದರಲ್ಲಿ ಹಿಟ್ಟು, ಜಿಡ್ಡು, ಹೂರಣ, ಉಷ್ಣತೆ ನಾಲ್ಕೂ ಬದಲಾಗಿರುತ್ತವೆ. ಚೆನ್ನಾಗಿ ಬಂದರೂ ಯಾಕೆ ಬಂತೆಂದು ತಿಳಿಯುವುದಿಲ್ಲ, ಕೆಟ್ಟರಂತೂ ಗೊಂದಲ ಇನ್ನಷ್ಟು. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಟ್ರೇಯಲ್ಲಿ ಎಣ್ಣೆ ನಿಂತಿದೆ, ಪದರವಿಲ್ಲ, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ

ವೀಗನ್ ಪೇಸ್ಟ್ರಿಯ ನಿಜವಾದ ಸಮಸ್ಯೆ ಇದು. ಇದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಪದರ ಏಳುವುದು ಹೀಗೆ: ಹಾಳೆಯ ಒಳಗೆ ಜಿಡ್ಡು ಸಣ್ಣ ಸಣ್ಣ ಚಪ್ಪಟೆ ತುಣುಕುಗಳಾಗಿ ಉಳಿದಿರಬೇಕು. ಬಿಸಿ ತಾಗಿದಾಗ ಕಣಕದಲ್ಲಿನ ನೀರು ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಜಿಡ್ಡಿನ ತುಣುಕು ಎರಡು ಹಿಟ್ಟಿನ ಪದರಗಳನ್ನು ಬೇರೆ ಮಾಡಿಟ್ಟ ಜಾಗದಲ್ಲಿ ಆ ಆವಿ ಪದರವನ್ನು ಮೇಲಕ್ಕೆತ್ತುತ್ತದೆ. ಓವನ್ ಸೇರುವ ಮೊದಲೇ ಜಿಡ್ಡು ಕರಗಿ ಹಿಟ್ಟಿನೊಳಗೆ ಇಂಗಿಬಿಟ್ಟಿದ್ದರೆ ಬೇರೆಯಾಗಲು ಪದರವೇ ಇರುವುದಿಲ್ಲ.

ಬೆಣ್ಣೆ 32ರಿಂದ 35 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗುತ್ತದೆ. ತೆಂಗಿನೆಣ್ಣೆ ಸುಮಾರು 24ಕ್ಕೇ ನೀರಾಗುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 33 ದಾಟುವುದು ಮಾಮೂಲು. ಕರಾವಳಿಯಲ್ಲಿ ಬೇಸಿಗೆಯ ರಾತ್ರಿಯೂ 24ರ ಕೆಳಗಿಳಿಯುವುದು ಅಪರೂಪ. ಅಂಥ ಅಡುಗೆಮನೆಯಲ್ಲಿ ಕೈಯ ಬಿಸಿಯೂ ಸೇರಿದರೆ ಜಿಡ್ಡು ತುಣುಕಾಗಿ ಉಳಿಯುವ ಮಾತೇ ಇಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಎಣ್ಣೆಯ ಬಾಟಲಿಯನ್ನೇ ನೋಡಿ. ಶುದ್ಧ ತೆಂಗಿನೆಣ್ಣೆ ಬಾಟಲಿಯಲ್ಲಿ ತಿಳಿಯಾಗಿದ್ದರೆ ಆ ಹೊತ್ತು ಆ ಕೋಣೆ ಲಟ್ಟಿಸುವುದಕ್ಕೆ ಯೋಗ್ಯವಲ್ಲ. ಮಡಿಕೇರಿಯ ಡಿಸೆಂಬರಿನಲ್ಲಿ ಅದೇ ಬಾಟಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಅಲ್ಲಿನವರಿಗೆ ಈ ದೋಷದ ಪರಿಚಯವೇ ಇರಲಾರದು.

ಈಗ ಪತ್ತೆ. ಎಣ್ಣೆ ಸೋರಲು ಎರಡು ಕಾರಣಗಳಿರಬಹುದು: ಜಿಡ್ಡು ಮೊದಲೇ ಕರಗಿತ್ತು, ಅಥವಾ ಓವನ್ ಸಾಕಷ್ಟು ಕಾದಿರಲಿಲ್ಲ. ಹಸಿ ಹಾಳೆಯ ಒಂದು ಚೂರನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳು, ಮಚ್ಚೆಗಳು ಕಂಡರೆ ಜಿಡ್ಡು ಸರಿಯಾಗಿದೆ, ಓವನ್ನನ್ನು ಅನುಮಾನಿಸಿ. ಹಾಳೆ ಎಲ್ಲೆಡೆ ಒಂದೇ ಬಣ್ಣವಾಗಿ, ಬೆರಳಿಗೆ ಎಣ್ಣೆಯ ಪಸೆ ಹತ್ತಿದರೆ ಜಿಡ್ಡು ಮಣೆಯ ಮೇಲೆಯೇ ಕರಗಿದೆ.

ಮಣೆಯ ಮೇಲೆ ಕರಗಿದ್ದಕ್ಕೆ ಪರಿಹಾರ: ತೆಂಗಿನೆಣ್ಣೆಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿ, ಚಾಕುವಿನಿಂದ ಚೂರು ಮಾಡಿಕೊಳ್ಳಿ. ಮೈದಾ, ಪಾತ್ರೆ, ಲಟ್ಟಣಿಗೆ ಎಲ್ಲವನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆರಳ ತುದಿಯಿಂದ ಅಥವಾ ಫೋರ್ಕಿನಿಂದ ಬೆರೆಸಿ, ಅಂಗೈ ತಾಗಿಸಬೇಡಿ. ಬೇಸಿಗೆಯಲ್ಲಿ ನಸುಕಿನಲ್ಲೇ ಲಟ್ಟಿಸಿ ಮುಗಿಸುವುದು ಎಲ್ಲಕ್ಕಿಂತ ಸುಲಭ. ಲಟ್ಟಿಸುವಾಗ ಹಾಳೆ ಮಣೆಗೆ ಅಂಟತೊಡಗಿದರೆ ಹಿಟ್ಟು ಉದುರಿಸುತ್ತಾ ಹೋಗಬೇಡಿ. ಅಂಟುತ್ತಿರುವುದು ಜಿಡ್ಡು ಕರಗುತ್ತಿರುವ ಗುರುತು. ಮಣೆ ಸಮೇತ ಹತ್ತು ನಿಮಿಷ ಫ್ರಿಜ್‌ಗೆ ಇಡಿ.

ಇದರ ಎದುರು ತುದಿಯ ದೋಷವೂ ಇದೆ. ಫ್ರಿಜ್‌ನಿಂದ ತೆಗೆದ ಕಣಕ ಲಟ್ಟಿಸಿದರೆ ಚೂರುಚೂರಾಗಿ ಒಡೆಯುತ್ತದೆ. ತೆಂಗಿನೆಣ್ಣೆ 4 ಡಿಗ್ರಿಯಲ್ಲಿ ಬಾಗುವುದಿಲ್ಲ, ಸಿಡಿಯುತ್ತದೆ. ಬೆಣ್ಣೆಗೆ ಮೆದುವಾಗಿದ್ದೂ ಗಟ್ಟಿಯಾಗಿರುವ ಒಂದು ವಿಶಾಲವಾದ ನಡುವಣ ಸ್ಥಿತಿ ಇದೆ; ತೆಂಗಿನೆಣ್ಣೆಗೆ ಆ ಸ್ಥಿತಿ ಬಹಳ ಕಿರಿದು, 20 ಡಿಗ್ರಿಯ ಆಚೀಚೆ ಮಾತ್ರ. ಇಂಥ ಒಡಕು ಕಂಡಾಗ ನೀರು ಕಡಿಮೆಯಾಯಿತೆಂದು ನೀರು ಸೇರಿಸುವವರೇ ಹೆಚ್ಚು, ಅದರಿಂದ ಪೇಸ್ಟ್ರಿ ಗಟ್ಟಿಯಾಗುತ್ತದೆ. ನೀರು ಸೇರಿಸುವ ಮೊದಲು ಹತ್ತು ನಿಮಿಷ ಹೊರಗಿಟ್ಟು ಬಾಗಿಸಿ ನೋಡಿ. ಬಾಗಿದರೆ ತಂಪು ಹೆಚ್ಚಾಗಿತ್ತು ಅಷ್ಟೇ. ಆಗಲೂ ಅಂಚೆಲ್ಲ ಒಣಗಿ ಬಿರಿದರೆ ಮಾತ್ರ ನೀರು ಕಡಿಮೆ. ಜಿಡ್ಡಿನಲ್ಲಿ ಕಾಲು ಪಾಲನ್ನು ಸೂರ್ಯಕಾಂತಿ ಎಣ್ಣೆಯಾಗಿಸಿ, ಎರಡನ್ನೂ ಬೆರೆಸಿ ಹೆಪ್ಪುಗಟ್ಟಿಸಿದರೆ ಈ ಸಿಡಿಯುವ ಗುಣ ತಗ್ಗುತ್ತದೆ. ಆದರೆ ಆ ಮಿಶ್ರಣ ಇನ್ನೂ ಬೇಗ ಕರಗುತ್ತದೆ, ಬೇಸಿಗೆಗೆ ಬೇಡ.

ಪಫ್‌ನಂತೆ ಮಡಚಿ ಮಡಚಿ ಲಟ್ಟಿಸುವ ಪೇಸ್ಟ್ರಿಗೆ ತೆಂಗಿನೆಣ್ಣೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ವನಸ್ಪತಿ ಅಥವಾ ಬೆಣ್ಣೆಗೆ ಬದಲಾಗಿ ಬಳಸುವ ಮಾರ್ಗರೀನ್ ಬೇಕು. ವನಸ್ಪತಿ ಎಂದೊಡನೆ ಟ್ರಾನ್ಸ್ ಕೊಬ್ಬಿನ ಆತಂಕ ಸಹಜ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಜಿಡ್ಡಿನ ಪದಾರ್ಥಗಳಲ್ಲಿ ಅದನ್ನು ಶೇ. 2ಕ್ಕೆ ಮಿತಿಗೊಳಿಸಲಾಗಿದೆ. ಸ್ಯಾಚುರೇಟೆಡ್ ಕೊಬ್ಬು ಮಾತ್ರ ಅದರಲ್ಲೂ ತೆಂಗಿನೆಣ್ಣೆಯಲ್ಲೂ ಸಾಕಷ್ಟಿದೆ, ಇದು ದಿನನಿತ್ಯದ ತಿಂಡಿಯಲ್ಲ.

ಮಾರ್ಗರೀನ್ ಕೊಳ್ಳುವಾಗ ಎರಡು ವಿಷಯ ಓದಲೇಬೇಕು. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಅದು ವೀಗನ್ ಅಲ್ಲ, ಆ ಗುರುತು ಹಾಲಿನ ಅಂಶಕ್ಕೂ ಅವಕಾಶ ಕೊಡುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಘನಾಂಶ ಅಥವಾ ವೇ ಪುಡಿ, ಅಂದರೆ ಹಾಲೊಡಕಿನ ನೀರಿನ ಪುಡಿ ಇದೆಯೇ ನೋಡಿ. ವೀಗನ್ ಆಹಾರಕ್ಕೆಂದೇ 2022ರಲ್ಲಿ ನಿಯಮ ಬಂದಿದ್ದು ಅದಕ್ಕೆ ಬೇರೆಯದೇ ಹಸಿರು ಗುರುತು ಇದೆ. ಇನ್ನು ಡಬ್ಬಿಯ ಮೇಲೆ ಫ್ಯಾಟ್ ಸ್ಪ್ರೆಡ್ ಎಂದಿದ್ದರೆ ಅದರಲ್ಲಿ ಜಿಡ್ಡು ಕಡಿಮೆ, ನೀರು ಹೆಚ್ಚು. ಬ್ರೆಡ್ಡಿಗೆ ಸವರಲು ಸರಿ, ಕಣಕಕ್ಕೆ ಹಾಕಿದರೆ ಅಂಟಂಟಾಗಿ ಕೊನೆಗೆ ಗಟ್ಟಿಯಾಗುತ್ತದೆ.

ತಳ ಹಸಿ

ಖಾಲಿ ಪೇಸ್ಟ್ರಿಯ ತಳ ಗರಿಗರಿಯಾಗಿದ್ದು ತುಂಬಿದ್ದರ ತಳ ಮಾತ್ರ ಹಸಿಯಾಗಿದೆ ಎಂದುಕೊಳ್ಳೋಣ. ಹೂರಣದಲ್ಲಿ ಬಿಡು ನೀರಿದೆ. ಬೇಯಿಸುವ ಮೊದಲೇ ಇದನ್ನು ಪರೀಕ್ಷಿಸಬಹುದು. ಒಂದು ಚಮಚ ಹೂರಣವನ್ನು ಕಾಗದದ ಕರವಸ್ತ್ರದ ಮೇಲೆ ಹತ್ತು ನಿಮಿಷ ಇಡಿ. ಸುತ್ತ ಒದ್ದೆಯ ವರ್ತುಲ ಹರಡಿದರೆ ಅಷ್ಟೂ ನೀರು ತಳದ ಹಾಳೆಗೆ ಹೋಗುತ್ತದೆ.

ಹಸಿ ಮಾವು, ಅನಾನಸ್, ಸೇಬು ಯಾವುದೇ ಇರಲಿ, ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೀರೇ. ಹೆಚ್ಚಿ ಸಕ್ಕರೆ ಬೆರೆಸಿ ನೇರ ತುಂಬಿದರೆ ಸಕ್ಕರೆ ಆ ನೀರನ್ನು ಹೊರಗೆಳೆಯುತ್ತದೆ. ಬಾಣಲೆಯಲ್ಲಿ ಬತ್ತಿಸಿಯೇ ತುಂಬಬೇಕು. ಜೋಳದ ಹಿಟ್ಟು, ಅಂದರೆ ಅಂಗಡಿಯ ಬಿಳಿ ಕಾರ್ನ್‌ಫ್ಲೋರ್ ಹಾಕುವುದಾದರೆ ನೀರಿನಲ್ಲಿ ಕದಡಿ ಹಾಕಿ, ಇಡೀ ಹೂರಣ ಒಂದು ನಿಮಿಷವಾದರೂ ಕೊತಕೊತ ಕುದಿಯಬೇಕು. ಸ್ವಲ್ಪ ದಪ್ಪಗಾಯಿತೆಂದು ಇಳಿಸಿದರೆ ಪಿಷ್ಟ ಅರ್ಧವೇ ಅರಳಿರುತ್ತದೆ, ತಣ್ಣಗಾದ ಮೇಲೆ ನೀರು ಬಿಡುತ್ತದೆ. ನಿಂಬೆರಸವನ್ನು ಕೊನೆಗೆ ಹಾಕಿ. ಹುಳಿಯ ಜೊತೆ ಹೆಚ್ಚು ಹೊತ್ತು ಕುದಿದ ಪಿಷ್ಟ ತನ್ನ ಹಿಡಿತ ಕಳೆದುಕೊಳ್ಳುತ್ತದೆ.

ಜೆಲಾಟಿನ್ ವೀಗನ್ ಅಲ್ಲವೆಂದು ಕಡಲಪಾಚಿಯಿಂದ ತೆಗೆದ ಅಗರ್ ಅಗರ್ ಬಳಸಿ ಜೆಲ್ಲಿಯಂಥ ಹೂರಣ ಮಾಡುವವರಿಗೆ ಒಂದು ಮಾತು. ಅಗರ್ ತಣ್ಣಗಿರುವಾಗ ಎಷ್ಟು ಗಟ್ಟಿಯಾಗಿ ಕಂಡರೂ 85 ಡಿಗ್ರಿಯ ಸುಮಾರಿಗೆ ಮತ್ತೆ ಕರಗುತ್ತದೆ. ಪೇಸ್ಟ್ರಿಯ ಒಳಗೆ ಅಷ್ಟು ಬಿಸಿ ಖಂಡಿತ ಏರುತ್ತದೆ. ತುಂಬುವಾಗ ಚಾಕುವಿನಿಂದ ಕತ್ತರಿಸುವಂತಿದ್ದ ಹೂರಣ ಓವನ್ನಿನಲ್ಲಿ ಪಾಯಸವಾಗಿ ಹರಿದಿದ್ದರೆ ಕಾರಣ ಇದೇ.

ಮನೆಯಲ್ಲೇ ಜಾಮ್ ಕಾಯಿಸುವವರಿಗೆ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಜಾಮ್ 105 ಡಿಗ್ರಿಗೆ ಹದವಾಗುತ್ತದೆ ಎಂದು ಪುಸ್ತಕಗಳಲ್ಲಿರುವುದು ಸಮುದ್ರಮಟ್ಟದ ಮಾತು, ಮಂಗಳೂರಿಗೆ ಹೊಂದುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. ಜಾಮಿನ ಹದ ನೀರು ಕುದಿಯುವ ಬಿಂದುವಿಗಿಂತ ನಾಲ್ಕೈದು ಡಿಗ್ರಿ ಮೇಲೆ, ಅಂದರೆ ಬೆಂಗಳೂರಿನಲ್ಲಿ 101-102. ಥರ್ಮಾಮೀಟರ್ 105 ತೋರಿಸಲೆಂದು ಕಾದರೆ ಜಾಮ್ ಗಟ್ಟಿಪಾಕವಾಗಿ, ಪೇಸ್ಟ್ರಿ ತಣ್ಣಗಾದಾಗ ಹಲ್ಲಿಗೆ ಅಂಟುತ್ತದೆ. ಹೂರಣ ಸೋರದೆ ಗಟ್ಟಿಯಾಗಿ ಕಚ್ಚಲಾರದಂತಾಗಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಇಷ್ಟೆಲ್ಲ ತಲೆನೋವಿಲ್ಲದ ಹೂರಣ ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ಕಡಲೆಬೇಳೆ ಬೆಲ್ಲದ ಒಬ್ಬಟ್ಟಿನ ಹೂರಣ ಓವನ್ನಿಗೆ ಬಹಳ ಚೆನ್ನಾಗಿ ಒಗ್ಗುತ್ತದೆ. ಬೆಂದ ಬೇಳೆ ನೀರನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಬಿಸಿಯಾದರೂ ಹರಿಯುವುದಿಲ್ಲ. ತುಪ್ಪ ಹಾಕದಿದ್ದರೆ ಅದು ವೀಗನ್ನೇ. ಬೇಳೆಯ ಕಟ್ಟನ್ನು ಚೆನ್ನಾಗಿ ಬಸಿದು, ರುಬ್ಬಿದ ಮೇಲೆ ಬಾಣಲೆಗೆ ಅಂಟದೆ ಮುದ್ದೆಯಾಗುವವರೆಗೆ ಕೆದಕಿದರೆ ಸಾಕು. ಹಸಿ ತೆಂಗಿನತುರಿ ಬೆಲ್ಲದ ಹೂರಣಕ್ಕೂ ಅದೇ ಹದ. ಹಸಿ ತೆಂಗಿನಲ್ಲಿ ಅರ್ಧದಷ್ಟು ನೀರಿರುತ್ತದೆ ಎಂಬುದನ್ನು ಮರೆಯಬೇಡಿ. ಬೆಲ್ಲ ಕರಗಿದೊಡನೆ ಇಳಿಸಿದರೆ ಅದು ಓವನ್ನಿನಲ್ಲಿ ಮತ್ತೆ ಕರಗಿ ಟ್ರೇಗೆ ಇಳಿದು ಸುಟ್ಟುಹೋಗುತ್ತದೆ.

ಎಷ್ಟೇ ಬತ್ತಿಸಿದರೂ ಒಂದಿಷ್ಟು ರಸ ಉಳಿಯುತ್ತದೆ ಅನ್ನಿಸಿದರೆ ತಳದ ಹಾಳೆಯ ಮೇಲೆ ಒಂದು ಚಮಚ ಹುರಿಗಡಲೆ ಪುಡಿ ಅಥವಾ ಹುರಿದ ಚಿರೋಟಿ ರವೆ ಹರಡಿ, ಅದರ ಮೇಲೆ ಹೂರಣವಿಡಿ. ರಸ ಅದಕ್ಕೆ ಇಂಗುತ್ತದೆ, ರುಚಿಗೂ ಕುಂದಿಲ್ಲ. ಹೂರಣ ಪೂರ್ತಿ ತಣ್ಣಗಾಗಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಬೆಚ್ಚಗಿನ ಹೂರಣ ತಾನು ಕೂತ ಜಾಗದ ಜಿಡ್ಡನ್ನು ಕರಗಿಸಿ, ತಳದ ನಡುವೆ ಮಾತ್ರ ಹಿಟ್ಟು ಮುದ್ದೆಯಾಗುವಂತೆ ಮಾಡುತ್ತದೆ. ತಳ ತಿರುಗಿಸಿ ನೋಡಿದಾಗ ಅಂಚು ಬೆಂದು ನಡುವೆ ಮಾತ್ರ ಬಿಳಿ ಮಚ್ಚೆ ಇದ್ದರೆ ಇದನ್ನೂ ಶಂಕಿಸಿ.

ಖಾಲಿಯದರ ತಳವೂ ಹಸಿ: ಓವನ್ನನ್ನು ವಿಚಾರಿಸಿ

ಓವನ್ನಿನ ತಿರುಗಿಸುವ ಗುಂಡಿಯ ಮೇಲೆ 200 ಎಂದಿದ್ದರೆ ಒಳಗೆ 200 ಇರಬೇಕೆಂದೇನಿಲ್ಲ. ಓವನ್ ಥರ್ಮಾಮೀಟರ್ ಒಂದು ಕೊಂಡರೆ ಅನೇಕ ಅನುಮಾನಗಳು ಒಂದೇ ದಿನದಲ್ಲಿ ತೀರುತ್ತವೆ. ಅದಿಲ್ಲದಿದ್ದರೆ ಅಂದಾಜಿಗೆ ಸಕ್ಕರೆಯ ಪರೀಕ್ಷೆ: ಸಕ್ಕರೆ 186 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ, 200ಕ್ಕೆ ಕಾಯಿಸಿದ ಓವನ್ನಿನಲ್ಲಿ ಕಾಲು ಗಂಟೆ ಇಡಿ. ಕರಗದೆ ಹರಳಾಗಿಯೇ ಉಳಿದರೆ ನಿಮ್ಮ ಓವನ್ ಹೇಳಿದಷ್ಟು ಕಾಯುತ್ತಿಲ್ಲ.

ವಿದ್ಯುತ್ತಿನ ವೋಲ್ಟೇಜ್ ಕಡೆಗೂ ಗಮನವಿರಲಿ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230ರ ಬದಲು 200 ವೋಲ್ಟ್ ಬರುತ್ತಿದ್ದರೆ ಶಾಖ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಭಾನುವಾರ ಬೆಳಿಗ್ಗೆ ಚೆನ್ನಾಗಿ ಬಂದದ್ದು ಬುಧವಾರ ಸಂಜೆ ಕೆಟ್ಟರೆ, ಅಳತೆಯೆಲ್ಲ ಅದೇ ಆಗಿದ್ದರೆ, ಇದೂ ಒಂದು ಕಾರಣ ಇರಬಹುದು. ಹಳ್ಳಿಯಲ್ಲಿರುವವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಪರಿಹಾರವೆಂದರೆ ಹೆಚ್ಚು ಹೊತ್ತು ಮುಂಚಿತವಾಗಿ ಕಾಯಿಸುವುದು ಮತ್ತು ಬಾಗಿಲನ್ನು ಪದೇ ಪದೇ ತೆರೆಯದಿರುವುದು.

ಸಣ್ಣ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್ನಿನಲ್ಲಿ) ಕೆಳಗಿನ ಮತ್ತು ಮೇಲಿನ ಎರಡೂ ಕಾಯಿಲ್ ಉರಿಯುವಂತೆ ಇಟ್ಟು, ಟ್ರೇಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗಿಡಿ. ಕನ್ವೆಕ್ಷನ್ ಮೈಕ್ರೋವೇವ್‌ಗಳಲ್ಲಿ ಅನೇಕವಕ್ಕೆ ತಳದ ಕಾಯಿಲ್ ಇರುವುದೇ ಇಲ್ಲ, ತಳ ಬೆಳ್ಳಗೆ ಉಳಿಯಲು ಅದೇ ಕಾರಣ. ಓಟಿಜಿ ಇದ್ದವರು ಹಿಡಿಕೆಯಿಲ್ಲದ ಕಬ್ಬಿಣದ ದೋಸೆ ಕಾವಲಿಯನ್ನು ಒಳಗಿಟ್ಟು ಇಪ್ಪತ್ತು ನಿಮಿಷ ಕಾಯಿಸಿ, ಕಾಗದ ಸಮೇತ ಪೇಸ್ಟ್ರಿಗಳನ್ನು ಅದರ ಮೇಲೆ ಜಾರಿಸಬಹುದು. ತಳದ ಜಿಡ್ಡು ಸೋರುವ ಮೊದಲೇ ಹಿಟ್ಟು ಬೆಂದು ಗಟ್ಟಿಯಾಗುತ್ತದೆ. ಈ ಒಂದು ಬದಲಾವಣೆಗೆ ತಳ ಎಷ್ಟು ಸುಧಾರಿಸುತ್ತದೆ ಎಂಬುದನ್ನು ನೋಡಿಯೇ ನಂಬಬೇಕು. ಕಾಗದ ಮಾತ್ರ ಬೇಕಿಂಗ್‌ಗೆಂದೇ ಮಾಡಿದ ಪಾರ್ಚ್‌ಮೆಂಟ್ ಆಗಿರಲಿ. ಬಟರ್ ಪೇಪರ್ ಹೆಸರಿನಲ್ಲಿ ಮೇಣ ಲೇಪಿಸಿದ್ದನ್ನೂ ಮಾರುತ್ತಾರೆ, ಅದು ಬಿಸಿಗೆ ಕರಗಿ ಹೊಗೆಯಾಡುತ್ತದೆ.

ಅಂಚು ಬಿಚ್ಚಿತು, ಹೂರಣ ಹೊರಬಂತು

ಕರ್ಜಿಕಾಯಿ ಮಾಡಿ ಅಭ್ಯಾಸವಿರುವವರಿಗೆ ಇದರ ಕಾರಣಗಳನ್ನು ಹೇಳಿಕೊಡಬೇಕಿಲ್ಲ. ಅಂಚಿಗೆ ಹೂರಣ ತಾಗಿದ ಕಡೆ ಅದು ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಇಲ್ಲೂ ಹಾಗೆಯೇ. ಸುತ್ತಲೂ ಒಂದೂವರೆ ಸೆಂಟಿಮೀಟರ್ ಜಾಗ ಬಿಡಿ. ಲಟ್ಟಿಸುವಾಗ ಉದುರಿಸಿದ ಹಿಟ್ಟನ್ನು ಅಂಚಿನಿಂದ ಒರೆಸಿ ತೆಗೆಯಿರಿ. ಒಣ ಹಿಟ್ಟು ಉಳಿದರೆ ಎಷ್ಟು ಒತ್ತಿದರೂ ಅಂಟುವುದಿಲ್ಲ. ಕೆಳಗಿನ ಹಾಳೆಗೆ ಮಾತ್ರ ಬೆರಳಿನಿಂದ ತೆಳ್ಳಗೆ ನೀರು ಸವರಿ. ನೀರು ಹರಿಯುವಷ್ಟಾದರೆ ಅಂಚು ಜಾರುತ್ತದೆ. ಮೇಲಿನ ಹಾಳೆ ಮುಚ್ಚುವಾಗ ನಡುವಿನಿಂದ ಹೊರಕ್ಕೆ ಒತ್ತುತ್ತಾ ಗಾಳಿಯನ್ನು ಹೊರಹಾಕಿ, ಆಮೇಲೆ ಫೋರ್ಕಿನಿಂದ ಅಂಚನ್ನು ಒತ್ತಿ.

ಬಿಚ್ಚಿದ ಜಾಗವನ್ನು ಗಮನಿಸಿದರೆ ಕಾರಣ ಸಿಗುತ್ತದೆ. ಯಾವಾಗಲೂ ಒಂದೇ ಮೂಲೆ ಬಿಚ್ಚುತ್ತಿದ್ದರೆ ಆ ಮೂಲೆಯನ್ನು ನೀವು ಸರಿಯಾಗಿ ಒತ್ತುತ್ತಿಲ್ಲ. ಸುತ್ತಲೂ ಬಿಚ್ಚಿದರೆ ಹಿಟ್ಟು ಅಥವಾ ನೀರಿನ ದೋಷ. ಅಂಚು ಗಟ್ಟಿಯಾಗಿದ್ದು ಮೇಲ್ಭಾಗ ಸೀಳಿದ್ದರೆ ಆವಿಗೆ ದಾರಿ ಸಾಲದು; ಮೂರು ಸಣ್ಣ ಸೀಳುಗಳನ್ನು ಕೆಳಗಿನ ಹೂರಣ ಕಾಣುವಷ್ಟು ಆಳವಾಗಿ ಮಾಡಿ. ಬಣ್ಣಕ್ಕೆಂದು ಮೇಲೆ ಸೋಯಾ ಹಾಲು ಸವರುವಾಗ ಆ ಸೀಳು ಮುಚ್ಚಿಹೋಗುವುದುಂಟು, ಸವರಿದ ಮೇಲೆಯೇ ಸೀಳಿ. ಮುಚ್ಚಿದ ಪೇಸ್ಟ್ರಿಯನ್ನು ಓವನ್ನಿಗಿಡುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಅಂಚು ಭದ್ರವಾಗುತ್ತದೆ.

ಗಟ್ಟಿ, ಜಗ್ಗುತ್ತದೆ, ಕುಗ್ಗಿದೆ

ಈ ಮೂರಕ್ಕೂ ಬೇರು ಒಂದೇ. ನಾದಿದ್ದು ಹೆಚ್ಚಾಯಿತು ಅಥವಾ ವಿಶ್ರಾಂತಿ ಕಡಿಮೆಯಾಯಿತು. ಚಪಾತಿಯ ಕಣಕಕ್ಕೆ ನಾದುವುದು ಗುಣ, ಇದಕ್ಕೆ ದೋಷ. ಹಿಟ್ಟು ಒಟ್ಟುಗೂಡಿದೊಡನೆ ಕೈ ತೆಗೆಯಿರಿ, ಒಂದೆರಡು ಕಡೆ ಒಣ ಹಿಟ್ಟು ಕಂಡರೂ ಚಿಂತೆಯಿಲ್ಲ. ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಕತ್ತರಿಸಿದ ಆಯತ ನಿಮ್ಮ ಕಣ್ಣೆದುರೇ ಚಿಕ್ಕದಾಗುತ್ತಿದ್ದರೆ ಇನ್ನೂ ಅರ್ಧ ಗಂಟೆ ಬೇಕು. ಮೈದಾ ಬೇಡವೆಂದು ಪೂರ್ತಿ ಗೋಧಿ ಹಿಟ್ಟು ಬಳಸಿದರೆ ಈ ಪೇಸ್ಟ್ರಿ ಗಟ್ಟಿಯಾಗಿಯೇ ಬರುತ್ತದೆ. ಕಾಲು ಪಾಲು ಗೋಧಿ, ಮುಕ್ಕಾಲು ಮೈದಾ ಆದರೆ ರುಚಿಯೂ ಇರುತ್ತದೆ, ಪದರವೂ ಉಳಿಯುತ್ತದೆ.

ಬೆಂದಿದೆ, ಆದರೆ ಬಣ್ಣವಿಲ್ಲ

ಮೊಟ್ಟೆ ಅಥವಾ ಹಾಲು ಸವರಿದಾಗ ಬರುವ ಕೆಂಬಣ್ಣಕ್ಕೆ ಕಾರಣ ಅವುಗಳಲ್ಲಿನ ಪ್ರೋಟೀನ್ ಮತ್ತು ಸಕ್ಕರೆ ಬಿಸಿಯಲ್ಲಿ ಕೂಡುವುದು. ಬದಲಿಯಲ್ಲೂ ಇವೆರಡೂ ಇರಬೇಕು. ಸೋಯಾ ಹಾಲಿನಲ್ಲಿ ಪ್ರೋಟೀನ್ ಶೇ. 3ರ ಆಸುಪಾಸು ಇರುವುದರಿಂದ ಅದೇ ಎಲ್ಲಕ್ಕಿಂತ ಒಳ್ಳೆಯದು. ಎರಡು ದೊಡ್ಡ ಚಮಚ ಸಿಹಿಯಿಲ್ಲದ ಸೋಯಾ ಹಾಲಿಗೆ ಅರ್ಧ ಚಿಕ್ಕ ಚಮಚ ಬೆಲ್ಲದ ಪಾಕ ಬೆರೆಸಿ ಸವರಿ. ಅಂಗಡಿಯ ಬಾದಾಮಿ ಹಾಲು ಬಹಳ ನೀರು, ಬಣ್ಣ ಅಷ್ಟಾಗಿ ಬರುವುದಿಲ್ಲ. ತೆಂಗಿನ ಹಾಲು ಹೊಳಪು ಕೊಡುತ್ತದೆ, ಬಣ್ಣ ಕಡಿಮೆ. ಬೆಲ್ಲ ಹೆಚ್ಚು ಹಾಕಿದರೆ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪು ಮಚ್ಚೆಗಳು ಬರುತ್ತವೆ. ಜೇನುತುಪ್ಪ ವೀಗನ್ ಅಲ್ಲ. ಅರಿಶಿನ ಬೆರೆಸಿ ಹಳದಿ ತರುವುದನ್ನು ನಾನು ಇಷ್ಟಪಡುವುದಿಲ್ಲ; ಹಸಿ ಪೇಸ್ಟ್ರಿಯೂ ಬೆಂದಂತೆ ಕಂಡು, ನಿಮ್ಮ ಕಣ್ಣನ್ನೇ ದಾರಿ ತಪ್ಪಿಸುತ್ತದೆ.

ಬಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ. ವೀಗನ್ ಪೇಸ್ಟ್ರಿಯ ಮೇಲ್ಭಾಗ ತಡವಾಗಿ ಕೆಂಪಾಗುವುದರಿಂದ ಅದನ್ನೇ ನೋಡುತ್ತಾ ಕೂತರೆ ತಳ ಸೀದುಹೋಗಬಹುದು. ಬೆಂದಿದೆಯೇ ಎಂದು ತಿಳಿಯಲು ಒಂದನ್ನು ಚಪ್ಪಟೆ ಸಟ್ಟುಗದಿಂದ ಎತ್ತಿ ಕೆಳಗೆ ನೋಡಿ. ತಳ ಒಣಗಿ ಹೊಂಬಣ್ಣಕ್ಕೆ ತಿರುಗಿದ್ದು, ಎತ್ತಿದಾಗ ನಡುವೆ ಬಳುಕದೆ ನೇರವಾಗಿ ನಿಂತರೆ ಬೆಂದಿದೆ.

ಖಾರದ ಹೂರಣದಲ್ಲಿ

ಬೇಕರಿಯ ವೆಜ್ ಪಫ್ ನೆನೆದು ಆಲೂಗಡ್ಡೆ ಪಲ್ಯ ತುಂಬುವವರಿಗೆ ಈರುಳ್ಳಿಯ ನೀರೇ ಮುಖ್ಯ ಶತ್ರು. ಉಪ್ಪನ್ನು ಆರಂಭದಲ್ಲೇ ಹಾಕಿ, ಈರುಳ್ಳಿ ಬಿಟ್ಟ ನೀರನ್ನು ಬಾಣಲೆಯಲ್ಲೇ ಇಂಗಿಸಿಬಿಡಿ. ಕೊನೆಗೆ ಹಾಕಿದ ಉಪ್ಪು ಪೇಸ್ಟ್ರಿಯ ಒಳಗೆ ನೀರೆಳೆಯುತ್ತದೆ. ಟೊಮೆಟೊ ಬೇಡ.

ಬೆಳಿಗ್ಗೆ ಗರಿಗರಿ, ಮಧ್ಯಾಹ್ನಕ್ಕೆ ಮೆತ್ತಗೆ

ಓವನ್ನಿನಿಂದ ತೆಗೆದ ಪೇಸ್ಟ್ರಿಯನ್ನು ತಟ್ಟೆಯ ಮೇಲೆ ಇಟ್ಟರೆ ಅದರದೇ ಆವಿ ತಳಕ್ಕೆ ತಾಗಿ ನೀರಾಗುತ್ತದೆ. ತಂತಿಯ ಜಾಲರಿಯ ಮೇಲೆ ಆರಿಸಿ. ಬೆಚ್ಚಗಿರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರೆ ಒಂದು ಗಂಟೆಯೊಳಗೆ ಎಲ್ಲವೂ ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೂ ಮೆತ್ತಗಾಗುತ್ತಿದ್ದರೆ ಹೂರಣದ ತೇವ ಹಾಳೆಗೆ ಇಳಿಯುತ್ತಿದೆ. ಬೆಲ್ಲ ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಇದು ಇನ್ನೂ ಬೇಗ.

ಬೆಳಗಿನ ತಿಂಡಿಗೆ ಬೇಕಾದವರು ಬೇಯಿಸಿ ಇಡುವುದಕ್ಕಿಂತ ಹಸಿಯಾಗಿಯೇ ಫ್ರೀಜರಿನಲ್ಲಿಡುವುದು ಮೇಲು. ತುಂಬಿ ಮುಚ್ಚಿದ ಪೇಸ್ಟ್ರಿಗಳನ್ನು ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿ. ಬೇಕೆಂದಾಗ ಕರಗಲು ಬಿಡದೆ ನೇರವಾಗಿ ಕಾದ ಓವನ್ನಿಗೆ ಇಡಿ, ಐದಾರು ನಿಮಿಷ ಹೆಚ್ಚು ಹಿಡಿಯುತ್ತದೆ. ತೆಂಗಿನೆಣ್ಣೆಯ ಕಣಕಕ್ಕೆ ಇದು ಒಗ್ಗುವಷ್ಟು ಬೇರೆ ಯಾವುದೂ ಒಗ್ಗುವುದಿಲ್ಲ, ಜಿಡ್ಡು ಕರಗುವ ಮೊದಲೇ ಹೊರಪದರ ಬೇಯತೊಡಗುತ್ತದೆ. ಬೆಂದು ಉಳಿದದ್ದನ್ನು ಮರುದಿನ ಬಿಸಿ ಮಾಡುವುದಿದ್ದರೆ 160 ಡಿಗ್ರಿಯಲ್ಲಿ ಐದರಿಂದ ಎಂಟು ನಿಮಿಷ ಸಾಕು. ಬರಿಯ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಹಾಳೆ ಮೆತ್ತಗೆಯೇ ಉಳಿದು ಹೂರಣ ಮಾತ್ರ ವಿಪರೀತ ಕಾಯುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಒಂದನ್ನು ಮುರಿದು ಒಳಗೆ ಎಷ್ಟು ಬಿಸಿಯಿದೆ ಎಂದು ನೋಡಿಕೊಳ್ಳಿ. ಬೆಲ್ಲದ ಹೂರಣ ಹೊರಗಿನ ಹಾಳೆ ತಣ್ಣಗಾದ ಮೇಲೂ ಬಹಳ ಹೊತ್ತು ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.